ಜಿಂಕೆಗೊಂದು ಲೆಕ್ಕ, ಮನುಷ್ಯರಿಗೆ ಇನ್ನೊಂದು

ಕಾಡುಪ್ರಾಣಿಗಳ ಎಣಿಕೆ ನನ್ನ ಕೆಲಸ. ಅದರ ಬಗ್ಗೆ ಎಲ್ಲೇ ಮಾತಾಡಿದರೂ ಕೊನೆಗೆ ಯಾರಾದರೊಬ್ಬರು ಎದ್ದು ಕೇಳುತ್ತಾರೆ: "ಹುಲಿ, ಆನೆ ವಿಷಯ ಇರಲಿ, ಜನ ಹೀಗೇ ಜಾಸ್ತಿ ಆಗ್ತಾ ಹೋದ್ರೆ ಗತಿ ಏನು?" ಮನುಷ್ಯರೂ ಪ್ರಾಣಿಗಳ ಹಾಗೇ ಹೆಚ್ಚುತ್ತಾ ಹೋಗಿ, ಒಂದು ದಿನ ತಿನ್ನಲು ಸಾಲದೆ ಕುಸಿಯುತ್ತಾರೆ ಎಂಬ ಭಯ ಈ ಪ್ರಶ್ನೆಯ ಹಿಂದಿದೆ. ಪ್ರಾಣಿಗಳ ಮಟ್ಟಿಗೆ ಆ ಭಯ ಸುಳ್ಳಲ್ಲ.

ಅಲಾಸ್ಕಾದ ಪಶ್ಚಿಮಕ್ಕೆ, ಬೇರಿಂಗ್ ಸಮುದ್ರದಲ್ಲಿ ಸೇಂಟ್ ಮ್ಯಾಥ್ಯೂ ಎಂಬ ದ್ವೀಪವಿದೆ. 1944ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಅಲ್ಲಿ 29 ಹಿಮಸಾರಂಗಗಳನ್ನು ತಂದು ಬಿಟ್ಟಿತು. ಅಲ್ಲಿನ ಸಿಬ್ಬಂದಿಗೆ ಊಟಕ್ಕೆ ತೊಂದರೆಯಾದರೆ ಇರಲಿ ಎಂದು. ಯುದ್ಧ ಮುಗಿಯಿತು, ಸಿಬ್ಬಂದಿ ಹೊರಟುಹೋದರು. ಸಾರಂಗಗಳು ಉಳಿದವು. ಹಿಡಿಯಲು ತೋಳವಿಲ್ಲ, ಮೇಯಲು ಬೇಕಾದಷ್ಟು ಕಲ್ಲುಹೂವು. ಜೀವವಿಜ್ಞಾನಿ ಡೇವಿಡ್ ಕ್ಲೈನ್ 1957ರಲ್ಲಿ ಹೋಗಿ ಎಣಿಸಿದಾಗ 1,350 ಇದ್ದವು. 1963ಕ್ಕೆ ಸುಮಾರು 6,000. ಅಷ್ಟು ಹೊತ್ತಿಗೆ ಕಲ್ಲುಹೂವು ಬೋಳಾಗಿತ್ತು. ಅದು ಮತ್ತೆ ಬೆಳೆಯಲು ದಶಕಗಳೇ ಬೇಕು. ಮುಂದಿನ ಚಳಿಗಾಲದಲ್ಲಿ ಹಿಮ ವಿಪರೀತ ಬಿತ್ತು. 1966ರಲ್ಲಿ ಉಳಿದದ್ದು 42. ಅವುಗಳಲ್ಲಿ ಗಂಡು ಒಂದೇ, ಅದೂ ಮರಿ ಹುಟ್ಟಿಸುವಂತಿರಲಿಲ್ಲ. 1980ರ ದಶಕದ ಹೊತ್ತಿಗೆ ದ್ವೀಪದಲ್ಲಿ ಒಂದೂ ಇರಲಿಲ್ಲ.

ನಮ್ಮ ಕಾಡುಗಳಲ್ಲಿ ಹೀಗಾಗುವುದು ಅಪರೂಪ. ಇಲ್ಲಿ ಹುಲಿ, ಚಿರತೆ, ಸೀಳುನಾಯಿಗಳಿವೆ, ಬೇಸಿಗೆಯ ಬರವಿದೆ. ಹುಲಿಗೂ ಮಿತಿಯಿದೆ. ಒಂದು ಹುಲಿ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳನ್ನು ಹಿಡಿಯುತ್ತದೆ. ಹಾಗೆ ಹಿಡಿದರೂ ಹಿಂಡು ಕರಗದೆ ಉಳಿಯಬೇಕಾದರೆ ಅದರ ಬೆನ್ನಿಗೆ 500ರಷ್ಟು ಜಿಂಕೆ, ಕಡವೆ, ಕಾಟಿ ಇರಲೇಬೇಕು. ಕರ್ನಾಟಕದಲ್ಲಿ 2006ರಲ್ಲಿ 290 ಎಂದು ಅಂದಾಜಾಗಿದ್ದ ಹುಲಿಗಳು 2018ಕ್ಕೆ 524, 2022ಕ್ಕೆ 563. ಏರಿಕೆ ನಿಧಾನವಾಗಿದೆ, ನೋಡಿ. ಬೇಟೆ ತಡೆದು, ಕಾಡು ಕಾಪಾಡಿದರೆ ಹುಲಿ ಹೆಚ್ಚುತ್ತದೆ. ಕಾಡು ತುಂಬಿದ ಮೇಲೆ ಮರಿಹುಲಿಗಳಿಗೆ ಜಾಗ ಸಿಗುವುದಿಲ್ಲ.

ಇಲ್ಲಿಂದ ಮನುಷ್ಯರ ದಾರಿ ಬೇರೆಯಾಗುತ್ತದೆ. ಮೇವು ಚೆನ್ನಾಗಿದ್ದು ಮರಿಗಳು ಉಳಿದರೆ ಜಿಂಕೆ ಇನ್ನಷ್ಟು ಹೆಚ್ಚುತ್ತದೆ. ಮನುಷ್ಯರಲ್ಲಿ ಆಗುವುದು ತದ್ವಿರುದ್ಧ. ಹುಟ್ಟಿದ ಮಗು ಬದುಕುತ್ತದೆ ಎಂಬ ಧೈರ್ಯ ಬಂದ ಕಡೆಯೆಲ್ಲ ತಾಯಂದಿರು ಕಡಿಮೆ ಹೆರುತ್ತಾರೆ. ಜನಸಂಖ್ಯೆ ಆಹಾರವನ್ನು ಮೀರಿ ಬೆಳೆಯುತ್ತದೆ ಎಂದು 1798ರಲ್ಲಿ ಬರೆದ ಇಂಗ್ಲೆಂಡಿನ ಚಿಂತಕ ಮಾಲ್ಥಸ್‌ಗೆ ಇದು ಕಾಣುವ ಹಾಗಿರಲಿಲ್ಲ. ನಮಗೆ ಕಾಣುತ್ತಿದೆ. 1990ರ ದಶಕದ ಆರಂಭದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಮಹಿಳೆಗೆ ಸರಾಸರಿ 2.9 ಮಕ್ಕಳು. 2019-21ರ ಸಮೀಕ್ಷೆಯಲ್ಲಿ 1.7. ತಂದೆ ತಾಯಿಯ ಜಾಗ ತುಂಬಲು 2.1 ಬೇಕು. ಅಂದರೆ ನಾವು ಆಗಲೇ ಆ ಗೆರೆಯ ಕೆಳಗಿದ್ದೇವೆ. ಹಸಿವು ಇದನ್ನು ಮಾಡಲಿಲ್ಲ, ಹೆದರಿಕೆಯೂ ಮಾಡಲಿಲ್ಲ. ಲಸಿಕೆ, ಹೆರಿಗೆ ಆಸ್ಪತ್ರೆ, ಹೆಣ್ಣುಮಕ್ಕಳ ಹೈಸ್ಕೂಲು, ತಡವಾದ ಮದುವೆ ಮಾಡಿದವು.

ಬಲವಂತದಿಂದ ಏನಾಗುತ್ತದೆ ಎಂಬುದನ್ನೂ ದೇಶ ನೋಡಿದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಅವರಲ್ಲಿ ಹೆಚ್ಚಿನವರು ಗಂಡಸರು. ಆಮೇಲೆ ಗಂಡಸರು ಆ ಕಡೆ ತಲೆಹಾಕಲಿಲ್ಲ. ಇವತ್ತು ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಪಾಲು ಹತ್ತಿರ ಹತ್ತಿರ ಸೊನ್ನೆ. ಗಂಡಸಿನ ಆಪರೇಷನ್ ಎಷ್ಟೋ ಸುಲಭ. ಆದರೂ ಭಾರವೆಲ್ಲ ಹೆಂಗಸಿನ ಮೈಮೇಲೆ ಬಿದ್ದಿದೆ. ಇದು ಅನ್ಯಾಯ, ಕರ್ನಾಟಕದಲ್ಲಂತೂ ಇರಬಾರದಿತ್ತು. ಮೈಸೂರು ಸಂಸ್ಥಾನದ ಕಾಲದಲ್ಲಿ, 1930ರಲ್ಲೇ ಸರ್ಕಾರದ ಖರ್ಚಿನಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದ ನಾಡು ಇದು.

"ಮಕ್ಕಳು ಕಡಿಮೆ ಅಂತೀರಿ, ಜನ ಮಾತ್ರ ಹೆಚ್ಚುತ್ತಲೇ ಇದ್ದಾರಲ್ಲ?" ಒಳ್ಳೆಯ ಪ್ರಶ್ನೆ. ಒಂದು ಮನೆಯ ಲೆಕ್ಕ ಹಾಕಿ. ಅಜ್ಜ ಅಜ್ಜಿಗೆ ಐದು ಮಕ್ಕಳು. ಪ್ರತಿಯೊಬ್ಬರಿಗೂ ಇಬ್ಬರೇ ಮಕ್ಕಳು, ಒಟ್ಟು ಹತ್ತು ಮೊಮ್ಮಕ್ಕಳು. ಅವರನ್ನು ಬೀಗರ ಮನೆಯ ಜೊತೆ ಅರ್ಧರ್ಧ ಹಂಚಿಕೊಂಡರೆ ಈ ಅಜ್ಜ ಅಜ್ಜಿಯ ಪಾಲಿಗೆ ಐದು. ಹಿರಿಯರಿಬ್ಬರು ತೀರಿಕೊಳ್ಳುವ ಕಾಲಕ್ಕೆ ಮೊಮ್ಮಕ್ಕಳು ಐದು ಬಂದಿರುತ್ತಾರೆ. ಪ್ರತಿ ಜೋಡಿಗೆ ಎರಡೇ ಮಕ್ಕಳಿದ್ದರೂ ಸಂಖ್ಯೆ ಏರಿತು, ಅಲ್ವಾ? ಆ ಐದು ಮಂದಿ ಮಕ್ಕಳು ಮುದುಕರಾಗಿ ಹೋಗುವವರೆಗೂ ಏರಿಕೆ ನಿಲ್ಲುವುದಿಲ್ಲ. ಈಗಿನ ಹೆಚ್ಚಳದ ದೊಡ್ಡ ಪಾಲು ಇಂಥದ್ದು. ಇಂದಿನ ಯುವ ದಂಪತಿಗಳನ್ನು ಅದಕ್ಕಾಗಿ ಬೈಯುವುದರಲ್ಲಿ ಅರ್ಥವಿಲ್ಲ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದರೆ ಸೌಲಭ್ಯ ಕಿತ್ತುಕೊಳ್ಳಬೇಕು ಎಂಬ ಕಾನೂನುಗಳನ್ನು ನಾನು ವಿರೋಧಿಸುವುದೂ ಇದಕ್ಕೇ.

ಕಣ್ಣಿಗೆ ಕಾಣುವ ಇಕ್ಕಟ್ಟು ಬಹುಪಾಲು ವಲಸೆಯದು. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಬೆಳೆಯಿತು. ಅದೇ ಹತ್ತು ವರ್ಷದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಸ್ವಲ್ಪ ಇಳಿಯಿತು. ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಂತವರಿಗೆ ಜನ ಉಕ್ಕುತ್ತಿದ್ದಾರೆ ಅನ್ನಿಸುತ್ತದೆ. ಮಲೆನಾಡಿನಲ್ಲಿ ಮಕ್ಕಳಿಲ್ಲದೆ ಶಾಲೆ ನಡೆಸುವುದೇ ಕಷ್ಟವಾದ ಊರುಗಳಿವೆ, ವಯಸ್ಸಾದವರಷ್ಟೇ ಉಳಿದ ಮನೆಗಳಿವೆ. ಎರಡೂ ಒಂದೇ ರಾಜ್ಯದ ಕಥೆ.

2011ರ ನಂತರ ಜನಗಣತಿ ಆಗಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಸರ್ಕಾರ ಗೊತ್ತುಮಾಡಿದೆ. ಅಂಕಿ ಬಂದಾಗ ಪತ್ರಿಕೆಗಳು ಒಟ್ಟು ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕುತ್ತವೆ. ನೀವು ನಿಮ್ಮ ತಾಲ್ಲೂಕಿನ ವಯಸ್ಸಿನ ಪಟ್ಟಿ ಹುಡುಕಿ. ಆರು ವರ್ಷದೊಳಗಿನ ಮಕ್ಕಳು ಎಷ್ಟು, ಅರವತ್ತು ದಾಟಿದವರು ಎಷ್ಟು ಎಂದು ನೋಡಿ. ಅಂಗನವಾಡಿ ಬೇಕೋ, ಮುದುಕರನ್ನು ನೋಡಿಕೊಳ್ಳುವ ನರ್ಸ್ ಬೇಕೋ ಎಂದು ಪಂಚಾಯ್ತಿಯಲ್ಲಿ ಕೇಳಲು ಆ ಎರಡು ಸಂಖ್ಯೆ ಸಾಕು.