ಸಂರಕ್ಷಕದ ಮೂಲ ಕೇಳುವ ರಬ್ಬಿ

ಉಪ್ಪಿನಕಾಯಿ, ಸ್ಕ್ವಾಷ್, ಸಾಸ್ ಬಾಟಲಿಗಳ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ‘ಐಎನ್‌ಎಸ್ 211’ ಎಂದಿರುವುದನ್ನು ನೀವು ನೋಡಿರಬಹುದು. ಅದು ಸೋಡಿಯಂ ಬೆಂಜೋಯೇಟ್, ಆಹಾರ ಕೆಡದಂತೆ ಕಾಯುವ ಸಂರಕ್ಷಕ. ಅದರ ತಾಯಿಯಾದ ಬೆಂಜೋಯಿಕ್ ಆಮ್ಲ ಮೊದಲು ಸಿಕ್ಕಿದ್ದು ಲೋಬಾನದಲ್ಲಿ, ಕೆಂಡದ ಮೇಲೆ ಉದುರಿಸಿ ಮನೆಗೆಲ್ಲ ಹೊಗೆ ಹಾಕುತ್ತೇವಲ್ಲ, ಆ ಮರದ ಅಂಟಿನಲ್ಲಿ.

ಈಗ ಕಾರ್ಖಾನೆಗಳಿಗೆ ಮರ ಬೇಕಿಲ್ಲ. ಪೆಟ್ರೋಲಿಯಂನಿಂದ ಬರುವ ಟಾಲುಯಿನ್‌ಗೆ ಕೋಬಾಲ್ಟ್ ಕ್ರಿಯಾವರ್ಧಕ ಬೆರೆಸಿ ಬಿಸಿಗಾಳಿ ಹಾಯಿಸಿದರೆ ಬೆಂಜೋಯಿಕ್ ಆಮ್ಲ ಸಿಗುತ್ತದೆ. ಅದಕ್ಕೆ ಕಾಸ್ಟಿಕ್ ಸೋಡ ಸೇರಿಸಿದರೆ ಬೆಂಜೋಯೇಟ್. ಹುಳಿ ಇರುವಲ್ಲಿ ಇದು ಮತ್ತೆ ಆಮ್ಲವಾಗಿ ಬೂಷ್ಟಿನ ಜೀವಕೋಶದೊಳಕ್ಕೆ ನುಸುಳುತ್ತದೆ, ಅಲ್ಲಿ ಒಡೆದು ಕೋಶದ ಒಳಗನ್ನೇ ಹುಳಿಯಾಗಿಸುತ್ತದೆ. ಆ ಹುಳಿಯನ್ನು ಹೊರದಬ್ಬುವುದರಲ್ಲೇ ಕೋಶದ ಶಕ್ತಿ ಮುಗಿದು, ಬೂಷ್ಟು ಬೆಳೆಯುವುದಿಲ್ಲ.

ಇದರಲ್ಲಿ ಪ್ರಾಣಿಯ ಸುಳಿವೇ ಇಲ್ಲ. ಆದರೂ ಇದಕ್ಕೂ ಕೋಷರ್ ಪ್ರಮಾಣಪತ್ರ, ಅಂದರೆ ಯೆಹೂದಿಗಳ ಆಹಾರ ನಿಯಮಕ್ಕೆ ತಕ್ಕದ್ದು ಎಂಬ ಪತ್ರ, ಕೇಳುವುದುಂಟು. ಯಾಕೆ?

ಕೋಷರ್ ಮುದ್ರೆ ಎಂದರೆ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಬಂದು ಮಂತ್ರ ಹೇಳಿ ಆಹಾರವನ್ನು ಹರಸಿದರು ಎಂದಲ್ಲ. ಆರೋಗ್ಯಕ್ಕೆ ಒಳ್ಳೆಯದು ಎಂಬ ಭರವಸೆಯೂ ಅಲ್ಲ. ಅದು ಮೂಲದ ವಿಚಾರಣೆ. ನದಿಮೂಲ, ಋಷಿಮೂಲ ಕೇಳಬಾರದು ಎನ್ನುತ್ತೇವೆ ನಾವು. ಇಲ್ಲಿ ಕೇಳುವುದೇ ಅದನ್ನು. ಬೆಂಜೋಯೇಟ್ ಒಣಗಿಸಿದ ಯಂತ್ರದಲ್ಲಿ ನಿನ್ನೆ ಏನು ಒಣಗಿತ್ತು? ಒಂದೇ ಬಾಯ್ಲರಿನ ಹಬೆ ಬೇರೆ ಯಾವ ಪಾತ್ರೆಗೆ ಹೋಗಿ ಮರಳಿ ಬರುತ್ತದೆ? ಬಿಸಿಯಾದ ಪಾತ್ರೆ ತನ್ನೊಳಗೆ ಬೆಂದದ್ದರ ರುಚಿಯನ್ನು ಹೀರಿಟ್ಟುಕೊಳ್ಳುತ್ತದೆ ಎಂಬುದು ಈ ಶಾಸ್ತ್ರದ ನಂಬಿಕೆ. ಹಾಗಾಗಿ ಸಂಶಯ ಬಂದ ಪಾತ್ರೆಯನ್ನು 24 ಗಂಟೆ ಸುಮ್ಮನೆ ಬಿಟ್ಟು, ಕುದಿನೀರಿನಿಂದ ಶುದ್ಧಿ ಮಾಡುವ ಕ್ರಮವಿದೆ. ಮಡಿಯ ಅಡುಗೆಮನೆ ಕಂಡವರಿಗೆ ಈ ಕಾಳಜಿ ತೀರಾ ಅಪರಿಚಿತ ಅನ್ನಿಸದು.

ಅಮೆರಿಕದಲ್ಲಿ ಈ ಸಂರಕ್ಷಕದ ಮಿತಿ 0.1 ಶೇಕಡಾ, ಅಂದರೆ ಸಾವಿರದಲ್ಲಿ ಒಂದು ಪಾಲು. ಇಷ್ಟು ಚೂರಿಗೆ ಇಷ್ಟೆಲ್ಲ ವಿಚಾರಣೆಯೇ? ನಿಷಿದ್ಧ ವಸ್ತು ಅರವತ್ತರಲ್ಲಿ ಒಂದಕ್ಕಿಂತ ಕಡಿಮೆ ಬಿದ್ದರೆ ಅದು ಲೆಕ್ಕಕ್ಕಿಲ್ಲ ಎಂದು ಯೆಹೂದಿ ಶಾಸ್ತ್ರವೇ ಹೇಳುತ್ತದೆ. ಈ ಪ್ರಶ್ನೆಗೆ ಉತ್ತರ 1935ರ ಅಟ್ಲಾಂಟಾದಲ್ಲಿದೆ. ಅಲ್ಲಿನ ರಬ್ಬಿ ಟೋಬಿಯಾಸ್ ಗೆಫೆನ್ ಅವರಿಗೆ ಕೋಕಾ-ಕೋಲಾ ಕಂಪನಿ ತನ್ನ ಗುಟ್ಟಿನ ಪದಾರ್ಥಗಳ ಪಟ್ಟಿ ತೋರಿಸಿತು. ಪ್ರಾಣಿಕೊಬ್ಬಿನಿಂದ ತೆಗೆದ ಗ್ಲಿಸರಿನ್ ಅದರಲ್ಲಿತ್ತು, ಅದೂ ಸಾವಿರದಲ್ಲೊಂದು ಪಾಲಿನಷ್ಟು. ಅರವತ್ತರ ರಿಯಾಯಿತಿ ಕೈತಪ್ಪಿ ಬಿದ್ದದ್ದಕ್ಕೆ ಮಾತ್ರ, ಬೇಕೆಂದೇ ಬೆರೆಸಿದ್ದಕ್ಕಲ್ಲ ಎಂದು ಅವರು ತೀರ್ಪಿತ್ತರು. ಕಂಪನಿ ಸಸ್ಯದೆಣ್ಣೆಯ ಗ್ಲಿಸರಿನ್‌ಗೆ ಬದಲಾಯಿತು. ಸಂರಕ್ಷಕವನ್ನಂತೂ ಯಾರೂ ಕೈತಪ್ಪಿ ಹಾಕುವುದಿಲ್ಲವಲ್ಲ.

ಇಷ್ಟಾದರೂ, ಸಂರಕ್ಷಕಗಳ ಪೈಕಿ ಬೆಂಜೋಯೇಟ್ ಪರೀಕ್ಷಕರಿಗೆ ಸುಲಭದ ಗಿರಾಕಿ. ಪೇಚು ಬರುವುದು ನಾವು ‘ನೈಸರ್ಗಿಕ’ ಎಂದು ನೆಚ್ಚುವವುಗಳಲ್ಲಿ, ಮತ್ತು ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿಸಿದ್ದೂ ಇದೇ. ಚೀಸ್ ಕೆಡದಂತೆ ಕಾಯುವ ನೈಸಿನ್ ಅನ್ನು ತಯಾರಿಸುವುದು ಮಜ್ಜಿಗೆಯಲ್ಲೂ ಇರುವ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಬ್ಯಾಕ್ಟೀರಿಯಾ. ಅದನ್ನು ಹಾಲಿನಂಶದಲ್ಲಿ ಬೆಳೆಸಿದರೆ ನೈಸಿನ್ ಕೂಡ ಹಾಲಿನ ಪದಾರ್ಥದ ಸಾಲಿಗೆ ಸೇರುತ್ತದೆ. ನಮ್ಮ ಹಸಿರು ಚುಕ್ಕೆಗೆ ಹಾಲು ಅಡ್ಡಿಯಲ್ಲ. ಆದರೆ ಹಾಲನ್ನೂ ಮಾಂಸವನ್ನೂ ಬೆರೆಸದ ಯೆಹೂದಿ ಅಡುಗೆಮನೆಯಲ್ಲಿ ಇದು ದೊಡ್ಡ ಸಂಗತಿ.

ಬ್ರೆಡ್ಡಿನ ವಿಷಯದಲ್ಲಿ ಇನ್ನೂ ಬಿಗಿ. ಬೂಷ್ಟು ತಡೆಯಲು ಕಾರ್ಖಾನೆಯಲ್ಲಿ ಸಂಶ್ಲೇಷಿಸಿದ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಹಾಕಿದರೆ ಸಾಮಾನ್ಯವಾಗಿ ತಕರಾರಿಲ್ಲ. ‘ರಾಸಾಯನಿಕ ಬೇಡ’ ಎನ್ನುವ ಗ್ರಾಹಕರಿಗಾಗಿ ಹಾಲೊಡಕನ್ನು ಹುದುಗಿಸಿ ಅದೇ ಪ್ರೊಪಿಯೊನೇಟ್ ಪಡೆದು ಬೆರೆಸಿದರೆ, ಬ್ರೆಡ್ಡು ಹಾಲಿನದಾಗಿಬಿಡುತ್ತದೆ. ಯಾರಾದರೂ ಮರೆತು ಮಾಂಸದ ಜೊತೆ ತಿಂದಾರು ಎಂಬ ಭಯದಿಂದ, ಹಾಲು ಬೆರೆಸಿ ಸಾಮಾನ್ಯ ರೊಟ್ಟಿ ಸುಡುವುದನ್ನೇ ಹಿಂದಿನ ರಬ್ಬಿಗಳು ನಿಷೇಧಿಸಿದ್ದಾರೆ. ಬೂಷ್ಟನ್ನು ತಡೆಯುವ ಅಣು ಎರಡರಲ್ಲೂ ಒಂದೇ. ಒಂದು ಬ್ರೆಡ್ಡು ಮಾಂಸದೂಟದ ಮೇಜಿಗೆ ಬರುತ್ತದೆ, ಇನ್ನೊಂದು ಬರುವುದಿಲ್ಲ.