ರಾಜನ ಹೆಣ್ಣುಮಕ್ಕಳು, ನೋಟರಿಯ ಕಾಗದ

"ನಮ್ಮ ಸೊಸೆಯ ಮೂಲದಜ್ಜಿ ಫ್ರಾನ್ಸಿನ ರಾಜನ ಮಗಳಂತೆ, ಹೌದೇನಮ್ಮ?" ಮೊಮ್ಮಗನಿಗೆ ವಂಶವೃಕ್ಷ ಬರೆಸಲು ಬಂದಿದ್ದ ಮೈಸೂರಿನ ಹಿರಿಯರೊಬ್ಬರು ಕೇಳಿದರು. ಮಾಂಟ್ರಿಯಲ್‌ನಲ್ಲಿ ಈ ಕೆಲಸಕ್ಕೆ ಕೂತಾಗಿನಿಂದ ಹೀಗೆ ಕೇಳಿದವರು ಅವರೊಬ್ಬರೇ ಅಲ್ಲ. ಇಂಥವರನ್ನು ಫ್ರೆಂಚಿನಲ್ಲಿ 'ಫಿಯ್ ದ್ಯು ರ್ವಾ', ಅಂದರೆ ರಾಜನ ಹೆಣ್ಣುಮಕ್ಕಳು, ಅನ್ನುತ್ತಾರೆ. ಅದರಲ್ಲಿನ 'ಫಿಯ್'ಗೆ ಮಗಳು, ಹುಡುಗಿ ಎರಡೂ ಅರ್ಥ; ನಮ್ಮ 'ಹೆಣ್ಣುಮಗಳು' ಇದ್ದ ಹಾಗೆ. 1663ರಿಂದ 1673ರವರೆಗೆ ಹದಿನಾಲ್ಕನೇ ಲೂಯಿ ತನ್ನ ಖರ್ಚಿನಲ್ಲಿ ಹಡಗು ಹತ್ತಿಸಿ ನ್ಯೂ ಫ್ರಾನ್ಸಿಗೆ, ಅಂದರೆ ಇಂದಿನ ಕೆನಡಾದ ಕ್ವಿಬೆಕ್ ಕಡೆಯ ಫ್ರೆಂಚ್ ವಸಾಹತಿಗೆ, ಕಳಿಸಿದ ಸುಮಾರು 770 ಹೆಂಗಸರು ಇವರು. 1666ರ ಜನಗಣತಿಯಲ್ಲಿ ಅಲ್ಲಿ ಗಂಡಸರು 2034, ಹೆಂಗಸರು 1181. ಕಳಿಸಿದ್ದು ಯಾಕೆಂದು ಬೇರೆ ಹೇಳಬೇಕಿಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿಗೆ ತಂದೆ ಇರಲಿಲ್ಲ. ರಾಜರಕ್ತದ ಮಾತು ಸುಳ್ಳು. ಬೀದಿಯ ಹೆಂಗಸರನ್ನು ಹಿಡಿದು ಸಾಗಿಸಿದರು ಎಂಬ ಹಳೆಯ ಗಾಳಿಮಾತಿಗೂ ದಾಖಲೆಯ ಬಲವಿಲ್ಲ.

ಹುಡುಕುವವರಿಗೆ ಒಂದು ಅನುಕೂಲವಿದೆ. ಅಲ್ಲಿ ಹೆಂಗಸು ಮದುವೆಯಾದ ಮೇಲೂ ದಾಖಲೆಗಳಲ್ಲಿ ತವರಿನ ಹೆಸರಿನಲ್ಲೇ ಉಳಿಯುತ್ತಾಳೆ. ಗಂಡಸರೇ ತೊಡಕು: 'ದಿ' ಎಂದು ಸೇರಿಸಿ ಇನ್ನೊಂದು ಹೆಸರು ಇಟ್ಟುಕೊಂಡಿರುತ್ತಾರೆ, ನಮ್ಮ ಪಹಣಿಯ 'ಉರುಫ್' ಥರ. ಮಕ್ಕಳಲ್ಲಿ ಒಬ್ಬ ಮೊದಲನೆಯದನ್ನು ಹಿಡಿದರೆ ಇನ್ನೊಬ್ಬ ಉರುಫನ್ನು ಹಿಡಿದಿರುತ್ತಾನೆ.

ಚರ್ಚಿನ ಪುಸ್ತಕದಲ್ಲಿ ವಧುವಿನ ತಂದೆಯ ಹೆಸರಿನ ಹಿಂದೆ 'ಫ' ಎಂದಿದ್ದರೆ ಅದು ಹೆಸರಲ್ಲ, ನಮ್ಮ 'ದಿ||'. ತಿಂಗಳುಗಳಲ್ಲಿ ನಾನೇ ಎಡವಿದ್ದೇನೆ. '8' ಅಂಕಿಯ ಮುಂದೆ 'ಬ್ರ್' ಅಂತಿದ್ದುದನ್ನು ಆಗಸ್ಟ್ ಎಂದು ಬರೆದುಕೊಂಡು, ಹಡಗು ಬರುವ ಮೊದಲೇ ಮದುವೆ ಹೇಗಾಯಿತಪ್ಪಾ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಲ್ಯಾಟಿನ್ನಿನಲ್ಲಿ 'ಒಕ್ತೊ' ಅಂದರೆ ಎಂಟು, ಹಾಗಾಗಿ '8ಬ್ರ್' ಅಕ್ಟೋಬರ್; '7ಬ್ರ್' ಸೆಪ್ಟೆಂಬರ್.

ಆದರೆ ಚರ್ಚಿನ ನಾಲ್ಕು ಸಾಲಿಗೇ ನಿಲ್ಲಬೇಡಿ. ಮದುವೆಗೆ ಮುಂಚೆ ನೋಟರಿಯ ಎದುರು ಮಾಡಿಕೊಂಡ ಕರಾರುಪತ್ರ ಸಿಕ್ಕರೆ ಆ ಹೆಂಗಸು ಕಣ್ಣಿಗೆ ಕಾಣುತ್ತಾಳೆ. ತಂದೆ, ತಾಯಿ, ಊರು, ಯಾವ ಚರ್ಚಿನ ವ್ಯಾಪ್ತಿ, ತಂದ ಸಾಮಾನಿನ ಅಂದಾಜು ಬೆಲೆ. ಆಮೇಲೆ ಆ ಸಾಲು: "ಈ ಮದುವೆಯ ನಿಮಿತ್ತ ಮಹಾರಾಜರು ಕೊಟ್ಟ ಐವತ್ತು ಲಿವ್ರ್." ಲಿವ್ರ್ ಅಂದರೆ ಆಗಿನ ಫ್ರೆಂಚ್ ಹಣ. ಕೆಳಗೆ, ಸಹಿ ಮಾಡಲು ಬಾರದೆಂದು ಹೇಳಿದರು ಎಂಬ ಒಕ್ಕಣೆ. ಐವತ್ತರ ಮಾತು ಎಲ್ಲ ಕರಾರುಗಳಲ್ಲೂ ಇರುವುದಿಲ್ಲ. ಇಲ್ಲವೆಂದ ಮಾತ್ರಕ್ಕೆ ಅವಳು ಆ 770ರಲ್ಲಿ ಒಬ್ಬಳಲ್ಲ ಎನ್ನಬೇಡಿ. ಕರಾರು ಸಿಕ್ಕಿತೆಂದು ಮದುವೆ ಆಗಿಯೇ ಬಿಟ್ಟಿತು ಅಂತಲೂ ಅಲ್ಲ. ಬರೆಸಿ, ಮನಸ್ಸು ಬದಲಾಗಿ, ರದ್ದು ಮಾಡಿಸಿ ಬೇರೆಯವನ ಕೈ ಹಿಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಓದುವಾಗ ನನಗೆ ಖುಷಿ ಕೊಡುವವರು ಇವರೇ. ದಿಕ್ಕಿಲ್ಲದ ಹುಡುಗಿಗೆ ಬೇಡ ಅನ್ನುವ ಅವಕಾಶ ಅಷ್ಟಾದರೂ ಇತ್ತು.

ಪ್ಯಾರಿಸ್ಸಿನಿಂದ ಬಂದವಳಾದರೆ ಈ ಕಾಗದ ಇನ್ನೂ ಮುಖ್ಯ. 1871ರಲ್ಲಿ ಪ್ಯಾರಿಸ್ಸಿನ ಜನ ಸರ್ಕಾರದ ವಿರುದ್ಧ ಎದ್ದ ಕಮ್ಯೂನ್ ಗಲಭೆಯಲ್ಲಿ ಬೆಂಕಿ ಬಿದ್ದು ನಗರದ ಹಳೆಯ ಚರ್ಚ್ ಪುಸ್ತಕಗಳು ಸುಟ್ಟುಹೋದವು. ಅವಳ ತಾಯಿಯ ಹೆಸರು ಅಲ್ಲಿ ಸಿಗದು, ಕ್ವಿಬೆಕ್ಕಿನ ನೋಟರಿಯ ಬರಹದಲ್ಲಿ ಸಿಕ್ಕೀತು.

ತಾಯಿಯ ತಾಯಿ, ಅವಳ ತಾಯಿ ಎಂದು ಹಿಂದಕ್ಕೆ ಹೋಗುವ ಎಳೆಯನ್ನು ಬೇರೆಯಾಗಿಯೇ ಬರೆದುಕೊಳ್ಳಿ. ತಾಯಿಯಿಂದ ಬಳಿ ಎಣಿಸುವ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೈಟೊಕಾಂಡ್ರಿಯದ ಡಿಎನ್‌ಎ ಬರುವುದೂ ಇದೇ ದಾರಿಯಲ್ಲಿ. ಆ ಡಿಎನ್‌ಎಯ ದೋಷದಿಂದ ಬಂದು ಹೆಚ್ಚಾಗಿ ಗಂಡಸರ ದೃಷ್ಟಿ ಕಸಿಯುವ, ಲೇಬರ್ ಎಂಬ ವೈದ್ಯನ ಹೆಸರಿನ ಕಾಯಿಲೆಗೆ ಕಾರಣವಾದ ಒಂದು ರೂಪಾಂತರವನ್ನು ಸಂಶೋಧಕರು ಚರ್ಚಿನ ಪುಸ್ತಕಗಳ ಮೂಲಕವೇ, 1669ರಲ್ಲಿ ಕ್ವಿಬೆಕ್ ನಗರದಲ್ಲಿ ಮದುವೆಯಾದ ಇಂಥ ಒಬ್ಬ ಹೆಂಗಸಿನವರೆಗೆ ಹಿಡಿದು ಹೋದರು.

ಮೈಸೂರಿನ ಹಿರಿಯರಿಗೆ ಸೊಸೆಯ ಮೂಲದಜ್ಜಿಯ ಕರಾರು ಓದಿ ಹೇಳಿದೆ. ಒಂದು ಪೆಟ್ಟಿಗೆ ಬಟ್ಟೆ, ಸಾಮಾನು, ಒಟ್ಟು ಬೆಲೆ ಇನ್ನೂರು ಲಿವ್ರ್. "ರಾಜ ಕೊಟ್ಟ ಐವತ್ತು ಇದರಲ್ಲಿ ಸೇರಿದೆಯೋ, ಬೇರೆಯೋ?" ಎಂದರು. ಬೇರೆ, ಅಂದೆ. ಅದನ್ನೂ ಬರೆದುಕೊಂಡರು.