ಮಾಳಿಗೆ ಮನೆಗೊಂದು ಹೊಗೆಕೊಳವೆ

ಕಲಬುರಗಿ ಕಡೆ ‘ಚಿಮಣಿ’ ಎಂದರೆ ಹಿರಿಯರಿಗೆ ಮೊದಲು ನೆನಪಾಗುವುದು ಸೀಮೆಎಣ್ಣೆಯ ದೀಪ; ಇಲ್ಲಿ ಹೇಳುತ್ತಿರುವುದು ಒಲೆಯ ಹೊಗೆಕೊಳವೆಯ ಮಾತು. ಹಳೆಯ ಮಾಳಿಗೆ ಮನೆಗಳಲ್ಲಿ ಅಡುಗೆಯ ಹೊಗೆ ಹೊರಹೋಗುತ್ತಿದ್ದುದು ಛಾವಣಿಯಲ್ಲಿ ಬಿಟ್ಟ ಕಿಂಡಿಯಿಂದ, ಕೆಲವೆಡೆ ಗೋಡೆಯೊಳಗೆ ಕಟ್ಟಿದ ಅಗಲವಾದ ಹೊಗೆಗೂಡಿನಿಂದ. ಅಂಥ ಗೂಡಿಗೆ ಕಬ್ಬಿಣದ ಮುಚ್ಚಿದ ಒಲೆಯನ್ನೋ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರವು ರೂಪಿಸಿದ, ಕಟ್ಟಿಗೆ ಉಳಿಸುವ ಅಸ್ತ್ರ ಒಲೆಯನ್ನೋ ಜೋಡಿಸಲು ಹೊರಟವರು, ಹೊಗೆಯನ್ನು ಮೇಲಕ್ಕೆ ಒಯ್ಯುವುದು ಅದರದೇ ಬಿಸಿ ಎಂಬುದನ್ನು ಮೊದಲು ಗಮನಿಸಬೇಕು.

ಸಮುದ್ರಮಟ್ಟದ ಒತ್ತಡದಲ್ಲಿ 30 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಸುಮಾರು 1.16 ಕಿಲೋಗ್ರಾಂ ತೂಗಿದರೆ, 150 ಡಿಗ್ರಿಯದು 0.83 ಕಿಲೋಗ್ರಾಂ ಮಾತ್ರ. ಮೂರು ಮೀಟರ್ ಎತ್ತರದ ಕೊಳವೆಯಲ್ಲಿ ಈ ವ್ಯತ್ಯಾಸದಿಂದ ಹುಟ್ಟುವ ಸೆಳೆತ ಹತ್ತು ಪ್ಯಾಸ್ಕಲ್‌ನಷ್ಟು, ಎಂದರೆ ಒಂದು ಮಿಲಿಮೀಟರ್ ನೀರಿನ ಒತ್ತಡ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಹೊರಗಿನ ಗಾಳಿಯೂ ಹಗುರವಾಗುವುದರಿಂದ ಅದು ಇನ್ನಷ್ಟು ಕುಗ್ಗುತ್ತದೆ.

ಇಷ್ಟು ಸಣ್ಣ ಬಲವನ್ನು ಅಗಲವಾದ ಹಳೆಯ ಗೂಡು ಹಾಳುಮಾಡುತ್ತದೆ. ಅಲ್ಲಿ ಹೊಗೆ ನಿಧಾನವಾಗಿ ಏರುತ್ತ ಕಲ್ಲಿಗೆ ತನ್ನ ಬಿಸಿಯನ್ನು ಕೊಡುತ್ತದೆ. ಸುಮಾರು 120 ಡಿಗ್ರಿಗಿಂತ ಕೆಳಗಿಳಿದಾಗ ಅದರಲ್ಲಿರುವ ಆವಿಗಳು ದ್ರವವಾಗಿ, ಮಸಿಯೊಡನೆ ಸೇರಿ, ಡಾಂಬರಿನಂಥ ಅಂಟಾಗಿ ಗೋಡೆಗೆ ಹಿಡಿಯುತ್ತವೆ. ಈ ಅಂಟು ಚೆನ್ನಾಗಿ ಉರಿಯುವ ವಸ್ತು. ಹೊತ್ತಿಕೊಂಡರೆ ಗೂಡಿನೊಳಗಿನ ಉಷ್ಣತೆ 1000 ಡಿಗ್ರಿ ದಾಟಬಹುದು. ಆದ್ದರಿಂದ ಒಲೆಯ ಹೊಗೆಬಾಯಿಯಷ್ಟೇ ಅಗಲದ ಕೊಳವೆಯನ್ನು ಗೂಡಿನೊಳಗೆ ತುದಿಯವರೆಗೂ ಇಳಿಬಿಡಬೇಕು. ಹಸಿ ಜಾಲಿ ಕಟ್ಟಿಗೆಯೂ ಹೊಗೆಯನ್ನು ತಣಿಸಿ ಇದೇ ಅಂಟನ್ನು ಬೆಳೆಸುತ್ತದೆ; ತೇವಾಂಶ ಶೇಕಡಾ 20ಕ್ಕಿಂತ ಕಡಿಮೆಯಿರಬೇಕು.

ಒಲೆಯ ಅಡಿಗೆ ಶಹಾಬಾದ ಫರಸಿ ಹಾಸುವುದು ಸರಿ, ಆದರೆ ಉರಿ ನೇರವಾಗಿ ತಾಗುವ ಒಳಗೋಡೆಗೆ ಅದು ಬೇಡ. ಅದು ಪದರಪದರವಾದ ಸುಣ್ಣಕಲ್ಲು; ಒಮ್ಮೆಲೇ ಕಾದರೆ ಸಿಡಿದು ಬಿರಿಯಬಹುದು, ಸುಣ್ಣದ ಭಟ್ಟಿಯ ಬಿಸಿಯಲ್ಲಂತೂ ಕಲ್ಲೇ ಸುಣ್ಣವಾಗುತ್ತದೆ. ಅಲ್ಲಿಗೆ ಬೆಂಕಿ ತಾಳುವ ಇಟ್ಟಿಗೆಯೇ ಬೇಕು.

ನನ್ನ ದೃಷ್ಟಿಯಲ್ಲಿ ನಿಜವಾದ ಅಪಾಯದ ಜಾಗ ಒಲೆಯ ಬಾಯಿಯಲ್ಲ, ಕೊಳವೆಯು ಜಂತಿಗಳ ನಡುವೆ ಮಾಳಿಗೆಯನ್ನು ದಾಟುವ ಆ ಒಂದು ಗೇಣು. ಕಟ್ಟಿಗೆ ಸಾಮಾನ್ಯವಾಗಿ 250–300 ಡಿಗ್ರಿಯ ಸುಮಾರಿಗೆ ಹೊತ್ತಿಕೊಳ್ಳುತ್ತದೆಯಾದರೂ, ವರ್ಷಗಟ್ಟಲೆ ಮಂದ ಕಾವಿನಲ್ಲಿ ಬೆಂದ ಹಳೆಯ ಜಂತಿಯು ಒಳಗೊಳಗೇ ಇದ್ದಿಲಾಗುತ್ತ ಅದಕ್ಕಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ. ಅಮೆರಿಕದ ಅಗ್ನಿಸುರಕ್ಷಾ ನಿಯಮಗಳು ಒಂಟಿಪದರದ ಕೊಳವೆಗೂ ಕಟ್ಟಿಗೆಗೂ ನಡುವೆ 18 ಇಂಚು ಅಂತರವನ್ನು ಕೇಳುತ್ತವೆ. ಜಂತಿಗಳ ನಡುವೆ ಅಷ್ಟು ಜಾಗ ಸಿಗದಿರುವುದರಿಂದ ಅಲ್ಲಿ ಶಾಖನಿರೋಧಕ ತುಂಬಿದ ಇಮ್ಮಡಿ ಪದರದ ಕೊಳವೆ ಬೇಕು. ಅದರ ಸುತ್ತಲೂ ತಯಾರಕರು ಹೇಳಿದಷ್ಟು ಅಂತರ ಖಾಲಿಯಾಗಿಯೇ ಉಳಿಯಬೇಕು. ಮಳೆನೀರು ಸೋರೀತೆಂದು ಆ ಖಾಲಿ ಜಾಗದೊಳಗೆ ಗೋಣಿಚೀಲ ತುರುಕುವುದು ಬೆಂಕಿಗೆ ಹಾಸಿಗೆ ಹಾಸಿದಂತೆ.

ಕೊಳವೆಯ ತುಂಡುಗಳನ್ನು ಜೋಡಿಸುವಾಗ ಮೇಲಿನದು ಕೆಳಗಿನದರ ಒಳಗೆ ಕೂರಬೇಕು. ಹೊಗೆ ಸೋರುತ್ತದೆಂದು ಹಲವರು ಇದನ್ನು ತಲೆಕೆಳಗು ಮಾಡುತ್ತಾರೆ. ಆದರೆ ಸೆಳೆತವಿರುವಾಗ ಕೊಳವೆಯೊಳಗಿನ ಒತ್ತಡ ಹೊರಗಿಗಿಂತ ಕಡಿಮೆಯಿರುವುದರಿಂದ ಸಂದಿಯಲ್ಲಿ ಗಾಳಿ ಒಳಕ್ಕೇ ಹೋಗುತ್ತದೆ, ತಲೆಕೆಳಗಾಗಿ ಜೋಡಿಸಿದರೆ ಇಳಿಯುವ ಅಂಟು ಮಾತ್ರ ಹೊರಗೆ ತೊಟ್ಟಿಕ್ಕುತ್ತದೆ. ಒಲೆ ಹೊತ್ತಿಸಿ, ಪ್ರತಿ ಸಂದಿಯ ಬಳಿ ಊದುಬತ್ತಿ ಹಿಡಿಯಿರಿ. ಅದರ ಹೊಗೆ ಕೋಣೆಯ ಕಡೆಗೆ ತಿರುಗಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಅದೇ ದಾರಿಯಲ್ಲಿ ಬರುತ್ತಿದೆ ಎಂದೇ ತಿಳಿದು, ಕದ ಕಿಟಕಿ ತೆರೆದು, ಕಟ್ಟಿಗೆ ಹಾಕುವುದನ್ನು ನಿಲ್ಲಿಸಬೇಕು.